ಮೂಲೆಯಲ್ಲೊಂದು ಕೈ

ನಮ್ಮ ಬೀದಿಯ ಅಂಗಡಿಗಳಿಗೆಲ್ಲ ಬೋರ್ಡು ಬರೆದವನು ಒಬ್ಬನೇ. ಊರೆಲ್ಲ ಅವನನ್ನು ಬೋರ್ಡು ಮಾಮ ಎಂದು ಕರೆಯುತ್ತಿತ್ತು. ಎಷ್ಟೋ ಜನರ ಹೆಸರನ್ನು ಒಂದೊಂದು ಅಡಿ ಎತ್ತರಕ್ಕೆ ಬರೆದವನಿಗೆ ತನಗೂ ಒಂದು ಹೆಸರಿದೆ ಎಂಬುದು ನೆನಪಿದ್ದಂತಿರಲಿಲ್ಲ. ನಾನು ಚರ್ಚಿನ ಪಕ್ಕದ ಶಾಲೆಯಲ್ಲಿ ಮೇಷ್ಟ್ರಾಗಿದ್ದೆ. ಚರ್ಚಿನ ಸಮಿತಿಯ ನಡವಳಿ ಬರೆಯುವ ಕೆಲಸವೂ ನನ್ನ ಕೊರಳಿಗೇ ಬಿದ್ದಿತ್ತು. ಹೀಗಾಗಿ ಈಗ ಹೇಳಹೊರಟಿರುವುದರಲ್ಲಿ ಬಹುಪಾಲನ್ನು ಕಣ್ಣಾರೆ ಕಂಡಿದ್ದೇನೆ. ಕಾಣದ್ದನ್ನು ಅವನ ಹೆಂಡತಿಯ ಬಾಯಿಂದ ಕೇಳಿದ್ದೇನೆ. ಆಕೆ ಹೇಳಿದ್ದು ನಾನು ಕಂಡದ್ದಕ್ಕಿಂತ ಚೆನ್ನಾಗಿರುತ್ತಿತ್ತು.

ಮಾಮ ಏಣಿಯ ಹಾಗೆಯೇ ಉದ್ದ, ಏಣಿಯ ಹಾಗೆಯೇ ತೆಳ್ಳಗೆ. ಕಿವಿಯ ಮೇಲೆ ಸದಾ ಒಂದು ಕುಂಚ. ಅಂಗಿಯ ಮೇಲಿನ ಬಣ್ಣ ನೋಡಿ ಆ ದಿನ ಯಾವ ಅಂಗಡಿಯ ಕೆಲಸ ನಡೆದಿದೆ ಎಂದು ಬೀದಿಯವರು ಹೇಳಿಬಿಡುತ್ತಿದ್ದರು. ಕಸುಬಿನಲ್ಲಿ ಅವನದೊಂದು ಹಟವಿತ್ತು: ಅಂಗಡಿಯಲ್ಲಿಲ್ಲದ್ದು ಬೋರ್ಡಿನ ಮೇಲೆ ಇರಕೂಡದು. ಗಡಿಯಾರದ ಅಂಗಡಿಯ ಯಜಮಾನರು ‘ಸರಿಯಾದ ಸಮಯಕ್ಕೆ ಹೆಸರಾದ ಅಂಗಡಿ’ ಎಂದು ಬರೆಯಲು ಹೇಳಿದಾಗ, ಮಾಮ ಒಳಗೆ ಹೋಗಿ ಗೋಡೆಯ ಮೇಲಿದ್ದ ಹನ್ನೊಂದು ಗಡಿಯಾರಗಳನ್ನೂ ನೋಡಿದ. ಹನ್ನೊಂದರಲ್ಲೂ ಹನ್ನೊಂದು ಸಮಯ. ಹೊರಗೆ ಬಂದು ಏಣಿ ಹತ್ತಿ ‘ಇಲ್ಲಿ ಗಡಿಯಾರಗಳು ದೊರೆಯುತ್ತವೆ’ ಎಂದಷ್ಟೇ ಬರೆದು ಇಳಿದ.

ಹಲ್ಲಿನ ಡಾಕ್ಟರದು ಇನ್ನೂ ದೊಡ್ಡ ಕಥೆ. ‘ನೋವಿಲ್ಲದೆ ಹಲ್ಲು ಕೀಳಲಾಗುವುದು’ ಎಂದು ಬರೆಯಬೇಕಾಗಿತ್ತು. “ನಾನು ಹೇಗೆ ನಂಬೋದು ಡಾಕ್ಟ್ರೇ?” ಎಂದು ಮಾಮ ಕೇಳಿದ. ಅವನಿಗೂ ಒಂದು ದವಡೆ ಹಲ್ಲು ತೊಂದರೆ ಕೊಡುತ್ತಿತ್ತು. ಸರಿ, ಕುರ್ಚಿಯಲ್ಲಿ ಕುಳಿತೇಬಿಟ್ಟ. ಅರ್ಧ ಗಂಟೆಯ ಮೇಲೆ ಕೆನ್ನೆ ಹಿಡಿದುಕೊಂಡು ಹೊರಗೆ ಬಂದವನು ನೇರವಾಗಿ ಏಣಿ ಹತ್ತಿ, ಹಿಂದಿನ ದಿನ ಸೀಮೆಸುಣ್ಣದಿಂದ ಗೀಟೆಳೆದಿಟ್ಟಿದ್ದ ‘ನೋವಿಲ್ಲದೆ’ ಎಂಬ ಪದವನ್ನು ಒದ್ದೆ ಬಟ್ಟೆಯಿಂದ ಒರೆಸಿಹಾಕಿದ. ‘ಹಲ್ಲು ಕೀಳಲಾಗುವುದು’ ಎಂಬುದಷ್ಟೇ ಉಳಿಯಿತು. ಡಾಕ್ಟರು ಒಂದು ವಾರ ಮುಖ ಊದಿಸಿಕೊಂಡಿದ್ದರು. ಆದರೆ ಇಷ್ಟು ನಿಜ ಹೇಳುವ ಡಾಕ್ಟರು ಬೇರೆಲ್ಲಿ ಸಿಗುತ್ತಾರೆಂದು ಪಕ್ಕದ ಊರುಗಳಿಂದಲೂ ಜನ ದವಡೆ ಹಿಡಿದುಕೊಂಡು ಬರಲಾರಂಭಿಸಿದ ಮೇಲೆ ಆ ಊತ ತಾನಾಗಿಯೇ ಇಳಿಯಿತು.

ಮನೆಯಲ್ಲೂ ಇದೇ ಪಾಡು. ಅಡುಗೆಮನೆಯ ಡಬ್ಬಿಗಳ ಮೇಲೆಲ್ಲ ನೆರಳು ಬಿದ್ದಂತೆ ಬರೆದ ಚೆಂದದ ಅಕ್ಷರಗಳಲ್ಲಿ ಒಳಗಿನ ಸಾಮಾನಿನ ಹೆಸರಿರುತ್ತಿತ್ತು. ಅವನ ಹೆಂಡತಿ ಒಮ್ಮೆ ನನ್ನೊಡನೆ ಹೇಳಿಕೊಂಡರು: “ಸಕ್ಕರೆ ಮುಗಿದ್ರೆ ಗಂಡಸಾದವನು ಅಂಗಡಿಗೆ ಹೋಗ್ಬೇಕೋ ಬೇಡ್ವೋ ಮೇಷ್ಟ್ರೇ? ಇವರು ಡಬ್ಬಿ ಮೇಲಿನ ಹೆಸರು ಅಳಿಸ್ತಾರೆ!”

ಇನ್ನೊಂದು ಅಭ್ಯಾಸವಿತ್ತು. ಬೋರ್ಡಿನ ಬಲಗಡೆಯ ಕೆಳಮೂಲೆಯನ್ನು ಅವನು ಎಂದೂ ಖಾಲಿ ಬಿಡುತ್ತಿರಲಿಲ್ಲ. ಅಲ್ಲಿ ಒಂದು ಕೈ ಬರೆಯುತ್ತಿದ್ದ: ಕೋಟಿನ ತೋಳು, ಅದರ ತುದಿಗೆ ಒಂದೇ ಗುಂಡಿ, ಮುಂದಕ್ಕೆ ಚಾಚಿದ ತೋರುಬೆರಳು. ಆ ಬೆರಳು ಯಾವಾಗಲೂ ಅಂಗಡಿಯ ಬಾಗಿಲ ಕಡೆಗೆ ತೋರಿಸುತ್ತಿತ್ತು. “ಮೂಲೆ ಖಾಲಿ ಬಿಟ್ರೆ ಅಂಗಡಿ ಖಾಲಿ ಇದ್ದ ಹಾಗೆ. ಓದಿದವನಿಗೆ ಮುಂದೆ ಎಲ್ಲಿಗೆ ಹೋಗ್ಬೇಕು ಅಂತ ಹೇಳೋದು ಬೇಡ್ವಾ?” ಎನ್ನುತ್ತಿದ್ದ. ಬೋರ್ಡಿನ ಮೇಲೆ ಅವನು ರುಜು ಹಾಕುತ್ತಿರಲಿಲ್ಲ. ಆ ಕೈಯೇ ಅವನ ರುಜು.

ಚರ್ಚಿಗೆ ತಪ್ಪದೆ ಬರುತ್ತಿದ್ದ. ಹಾಡಲು ಕಂಠವಿರಲಿಲ್ಲ, ನಾಲ್ಕು ಜನರ ಮುಂದೆ ಪ್ರಾರ್ಥನೆ ಹೇಳಲು ಧೈರ್ಯವಿರಲಿಲ್ಲ. “ದೇವರ ಸೇವೆಗೆ ನನ್ನ ಹತ್ರ ಏನಿದೆ ಮೇಷ್ಟ್ರೇ, ನಾಲ್ಕು ಕುಂಚ, ಒಂದು ಏಣಿ” ಎಂದು ಸಂಕೋಚಪಡುತ್ತಿದ್ದ. ಆ ಕುಂಚವನ್ನು ಮೊದಲ ಸಲ ಪರೋಪಕಾರಕ್ಕೆ ಹಿಡಿದಾಗ ಆದ ಅವಾಂತರವನ್ನು ಈಗ ಹೇಳಬೇಕು.

ಪುರಸಭೆಯ ಚರಂಡಿ ಕೆಲಸದವರು ನಮ್ಮ ಊರಿನಲ್ಲಿ ಹನ್ನೆರಡು ಜನ. ಅವರ ಮುಂದಾಳು ದೊಡ್ಡಕ್ಕ. ಚರ್ಚಿನ ಕೊನೆಯ ಬೆಂಚು ಅವರದು. ಮೈ ಸಣ್ಣದು, ನಾಲಗೆ ಉದ್ದ, ಮನಸ್ಸು ಅದಕ್ಕಿಂತ ದೊಡ್ಡದು. ಹನ್ನೆರಡು ಜನರೂ ಬರಿಗಾಲಲ್ಲೇ ಚರಂಡಿಗೆ ಇಳಿಯುತ್ತಿದ್ದರು. ಆ ವರ್ಷ ದೊಡ್ಡಕ್ಕನ ಎಡಗಾಲಿಗೆ ಗಾಜಿನ ಚೂರು ಹೊಕ್ಕು ಹುಣ್ಣಾಯಿತು, ಒಣಗಲೊಲ್ಲದು. ಬಟ್ಟೆ ಸುತ್ತಿಕೊಂಡೇ ಕೆಲಸಕ್ಕೆ ಹೋಗುತ್ತಿದ್ದರು. ಆಸ್ಪತ್ರೆಯಲ್ಲಿ ಖಂಡಿತವಾಗಿ ಹೇಳಿದ್ದರು: ಹೀಗೆಯೇ ಕೊಳಚೆಗೆ ಇಳಿಯುತ್ತಿದ್ದರೆ ಬೆರಳು ತೆಗೆಯಬೇಕಾಗುತ್ತದೆ, ಆಮೇಲೆ ಪಾದ. ಇಳಿಯದಿದ್ದರೆ ಕೆಲಸ ಹೋಗುತ್ತದೆ. ಮೊಣಕಾಲಿನವರೆಗೆ ಬರುವ ರಬ್ಬರ್ ಬೂಟು ಕೊಟ್ಟರೆ ಎರಡೂ ಉಳಿಯುತ್ತವೆ. ವಿಷಯ ಇಷ್ಟೇ. ನಮ್ಮ ಪಾದ್ರಿಗಳು ಈ ಬೂಟಿಗಾಗಿ ಪುರಸಭೆಗೆ ಏಳು ಅರ್ಜಿ ಬರೆದಿದ್ದರು. ಏಳಕ್ಕೂ ಒಂದೇ ಉತ್ತರ: ‘ಪರಿಶೀಲನೆಯಲ್ಲಿದೆ.’

ಕೊನೆಗೆ ದೊಡ್ಡಕ್ಕ ಮೆರವಣಿಗೆ ಹೊರಡಿಸಲು ನಿಶ್ಚಯಿಸಿ, ಹಿಡಿದುಕೊಳ್ಳುವ ಹಲಗೆಗಳನ್ನು ಬರೆದುಕೊಡಲು ಮಾಮನನ್ನು ಕೇಳಿದರು. ಮಾಮ ಎರಡು ದಿನ ಊಟ ಮರೆತು ಬರೆದ. ‘ಬೂಟು ಕೊಡಿ’ ಎಂದು ಹಲಗೆಗೆ ಎರಡೇ ಪದ. ಬರಿಯ ಪದ ಸಾಲದೆಂದು ಕೆಳಗೆ ಮಿರಮಿರ ಮಿಂಚುವ ಒಂದು ಜೊತೆ ಬೂಟು. ಬಲಮೂಲೆಯಲ್ಲಿ, ಇದ್ದೇ ಇದೆಯಲ್ಲ, ಕೈ.

ಮೆರವಣಿಗೆ ಬೀದಿಯಲ್ಲಿ ನೂರು ಹೆಜ್ಜೆ ಹೋಗುವಷ್ಟರಲ್ಲಿ ಜನ ಮುತ್ತಿಕೊಂಡರು. ದೊಡ್ಡಕ್ಕನಿಗೆ ಸಂತೋಷವೋ ಸಂತೋಷ. ಅಷ್ಟರಲ್ಲಿ ಒಬ್ಬ ಹೆಂಗಸು ಮುಂದೆ ಬಂದು, “ಅಂಗಡಿ ಎಲ್ಲಿ ತೆಗೆದಿದ್ದೀರಮ್ಮ? ಮಕ್ಕಳ ಅಳತೆದು ಸಿಗುತ್ತಾ?” ಎಂದು ಕೇಳಿದಳು. ಇನ್ನೊಬ್ಬ ಮಹಾನುಭಾವ ಹಲಗೆಯ ಮೇಲಿನ ಬೆರಳು ತೋರಿಸಿದ ಕಡೆಗೇ ನಡೆದುಹೋಗಿ, ಅಲ್ಲಿ ಬೂಟಿನ ಅಂಗಡಿಯಿಲ್ಲದ್ದನ್ನು ಕಂಡು, ಹಿಂತಿರುಗಿ ಬಂದು ಜಗಳಕ್ಕೆ ನಿಂತ. ಪುರಸಭೆ ಮುಟ್ಟುವ ಹೊತ್ತಿಗೆ ಹನ್ನೆರಡು ಜನರೂ ಬೂಟಿನ ಅಂಗಡಿಯ ಪ್ರಚಾರಕ್ಕೆ ಬಂದವರೆಂದು ಕಾವಲುಗಾರನು ಗೇಟಿನ ಹೊರಗೇ ನಿಲ್ಲಿಸಿದ.

ದೊಡ್ಡಕ್ಕ ಅದೇ ಸಂಜೆ ಮಾಮನ ಮನೆಯ ಬಾಗಿಲಲ್ಲಿ ಹಲಗೆ ಊರಿಕೊಂಡು ನಿಂತರು. “ಏನಪ್ಪಾ ತಮ್ಮ, ನಾವು ಹೊಟ್ಟೆ ಬಡ್ಕೊಳ್ಳೋಕೆ ಹೋದ್ರೆ ನೀನು ವ್ಯಾಪಾರ ಮಾಡಿಸ್ದೆಯಲ್ಲ!”

“ಅಕ್ಕಾ, ಚೆನ್ನಾಗಿ ಕಾಣ್ಲಿ ಅಂತ...”

“ಚೆನ್ನಾಗೇ ಕಂಡಿತು. ಆ ಬೂಟು ನೋಡಿ ನನಗೇ ಕೊಂಡ್ಕೊಳ್ಳೋಣ ಅನ್ನಿಸ್ತು!”

ದೊಡ್ಡಕ್ಕ ನಕ್ಕು ಹೊರಟುಹೋದರು. ನಗುತ್ತಲೇ ಎಡಗಾಲು ಎಳೆದುಕೊಂಡು ಹೋದದ್ದನ್ನು ಮಾಮ ನೋಡಿದ. ಆ ದಿನವೇ ಹೆಂಡತಿಯ ಮುಂದೆ ಆಣೆ ಮಾಡಿದನಂತೆ: “ಇನ್ನು ಹೋರಾಟ ಗೀರಾಟದ ತಂಟೆ ಬೇಡ ಕಣೇ. ನಾನಾಯ್ತು, ನನ್ನ ಅಂಗಡಿಗಳಾಯ್ತು.”

ಇದಾಗಿ ಎರಡು ತಿಂಗಳಿಗೆ ಚರ್ಚಿನ ಹೊಸ ಸಭಾಂಗಣ ಮುಗಿಯಿತು. ಎದುರಿಗೆ ಒಂದು ದೊಡ್ಡ ಬಿಳಿಯ ಗೋಡೆ. ಯೇಸು ತನ್ನ ಹನ್ನೆರಡು ಶಿಷ್ಯರ ಪಾದ ತೊಳೆಯುವ ಚಿತ್ರವನ್ನು ಅದರ ಮೇಲೆ ಬರೆಸುವುದೆಂದು ಸಮಿತಿಯಲ್ಲಿ ನಿರ್ಣಯವಾಯಿತು. ಗಡಿಯಾರದ ಯಜಮಾನರೇ ಸಮಿತಿಯ ಅಧ್ಯಕ್ಷರು. ಮಾತನಾಡುವ ಮೊದಲು ಒಮ್ಮೆ ಕೈಗಡಿಯಾರ ನೋಡಿಕೊಳ್ಳುವುದು ಅವರ ಪದ್ಧತಿ. “ಶಾಂತವಾಗಿರೋ ಚಿತ್ರ ಬೇಕು,” ಎಂದರು. “ನೋಡಿದವರಿಗೆ ನಿದ್ದೆ ಬರಬೇಕು, ಅಷ್ಟು ಶಾಂತವಾಗಿ.” ಸಭಾಂಗಣಕ್ಕೆ ನಲ್ಲಿಯ ನೀರು ಕೊಡಬೇಕಾದವರು ಪುರಸಭೆಯವರು, ಆದ್ದರಿಂದ ಪುರಸಭೆಯ ಮುಖ್ಯಾಧಿಕಾರಿಗಳಿಂದಲೇ ಉದ್ಘಾಟನೆ ಎಂದೂ ನಿಶ್ಚಯವಾಯಿತು.

ಮಾಮ ಸಂತೋಷದಿಂದ ಒಪ್ಪಿಕೊಂಡ. ಒಪ್ಪಿಕೊಂಡ ಮೇಲೆ ನೆನಪಾಯಿತು, ತನಗೆ ಪಾದ ಬರೆಯಲು ಬರುವುದಿಲ್ಲವೆಂದು. ಬೋರ್ಡುಗಳ ಮೇಲೆ ಅವನು ಬರೆದ ಮನುಷ್ಯರೆಲ್ಲ ಬೂಟು ಹಾಕಿಕೊಂಡವರು. “ಒಂದು ಪಾದಕ್ಕೆ ಐದು ಬೆರಳು ಮೇಷ್ಟ್ರೇ, ಐದೂ ಐದು ಕಡೆ ನೋಡ್ತವೆ. ಅಂಥವು ಇಪ್ಪತ್ನಾಲ್ಕು ಪಾದ! ನೋಡದೆ ಹೇಗೆ ಬರೀಲಿ?” ಎಂದು ತಲೆಯ ಮೇಲೆ ಕೈ ಹೊತ್ತ. ಸುದ್ದಿ ಕೇಳಿದ ಅಧ್ಯಕ್ಷರು ದೊಡ್ಡ ಮನಸ್ಸು ಮಾಡಿ ತಮ್ಮ ಪಾದಗಳನ್ನೇ ಕೊಡಲು ಮುಂದೆ ಬಂದರು. ಕುರ್ಚಿಯಲ್ಲಿ ಕುಳಿತು, ಬೂಟು ಬಿಚ್ಚಿ, ಕಾಲುಚೀಲ ತೆಗೆದು ಚಾಚಿದರು. ಈಗತಾನೆ ಒಲೆಯಿಂದ ತೆಗೆದ ಎರಡು ಬನ್ನುಗಳಂತಿದ್ದವು.

ಮಾಮ ಸುತ್ತಲೂ ತಿರುಗಿ ನೋಡಿದ. “ಪಾದವೇನೋ ಬಹಳ ಚೆನ್ನಾಗಿದೆ ಯಜಮಾನ್ರೇ. ಆದ್ರೆ ಆ ಶಿಷ್ಯರು ಊರಿಂದ ಊರಿಗೆ ನಡೆದವರು. ಇದು ಗಲ್ಲಾಪೆಟ್ಟಿಗೆಯಿಂದ ಕುರ್ಚಿಗೆ ನಡೆದ ಪಾದ.”

ಅಧ್ಯಕ್ಷರು ಕಾಲುಚೀಲವನ್ನು ತಿರುಗುಮುರುಗಾಗಿ ಹಾಕಿಕೊಂಡು ಹೊರಟುಹೋದರು.

ದಾರಿ ತೋರಿಸಿದವರು ಮಾಮನ ಹೆಂಡತಿ. “ರೀ, ಪಾದ ಹುಡುಕ್ಕೊಂಡು ಊರೆಲ್ಲ ಯಾಕೆ ಅಲೀತೀರಿ? ದಿನಾ ಹನ್ನೊಂದು ಗಂಟೆಗೆ ಚರ್ಚಿನ ಹಿಂದಿನ ನಲ್ಲಿ ಹತ್ರ ಹನ್ನೆರಡು ಜನ ಕಾಲು ತೊಳೀತಾರಲ್ಲ, ಕಣ್ಣಿಲ್ವಾ?”

ಚರಂಡಿ ಕೆಲಸ ಮುಗಿಸಿದವರು ಮನೆಗೆ ಹೋಗುವ ಮೊದಲು ಅಲ್ಲೇ ಕೈಕಾಲು ತೊಳೆಯುತ್ತಿದ್ದರು. ಮರುದಿನ ಮಾಮ ಅಲ್ಲಿಗೆ ಹೋಗಿ ನಿಂತು, ಗಂಟಲು ಸರಿಮಾಡಿಕೊಂಡು ವಿಷಯ ಹೇಳಿದ. ಹನ್ನೊಂದು ಜನ ನಗುನಗುತ್ತ ಒಪ್ಪಿದರು. ದೊಡ್ಡಕ್ಕ ಮಾತ್ರ ಎಡಗಾಲನ್ನು ಬಲಗಾಲಿನ ಹಿಂದೆ ಅಡಗಿಸಿಕೊಂಡರು. “ಮುಖ ಬೇಕಾ, ಬರ್ಕೋ. ಕಾಲು ತೋರಿಸೋಲ್ಲ.”

ನಲ್ಲಿಯ ಬಳಿ ಪಾದ್ರಿಗಳೂ ಇದ್ದರು. “ದೊಡ್ಡಕ್ಕಾ, ಆ ಶಿಷ್ಯರಲ್ಲಿ ಹಿರಿಯನೂ ಮೊದಲು ಕಾಲು ಕೊಡೋಲ್ಲ ಅಂದಿದ್ದ,” ಎಂದರು.

“ಹೌದಾ ಫಾದರ್? ಅವನಿಗೂ ಹುಣ್ಣಾಗಿತ್ತೇನೋ ಪಾಪ.”

ದೊಡ್ಡಕ್ಕ ಪಾದ್ರಿಗಳ ಮುಖ ನೋಡಿ, ಕಾಲನ್ನು ಮುಂದೆ ಇಟ್ಟರು. “ಆಯ್ತು, ಬರ್ಕೊಳ್ಳಪ್ಪ. ಆದ್ರೆ ಈ ಸಲ ಬೆಲೆ ಕೇಳೋಕೆ ಜನ ಬರಬಾರದು.”

ಮೂರು ವಾರ ಕೆಲಸ ನಡೆಯಿತು. ಹನ್ನೆರಡು ಜನರೂ ಸರದಿಯಂತೆ ಬಂದು ಮಣೆಯ ಮೇಲೆ ಕಾಲಿಟ್ಟು ಕುಳಿತುಕೊಳ್ಳುತ್ತಿದ್ದರು. ಅಂಗಡಿಯಲ್ಲಿದ್ದದ್ದು ಬೋರ್ಡಿನ ಮೇಲಿರಬೇಕಲ್ಲ; ಹಿಮ್ಮಡಿಯ ಬಿರುಕು, ಅರ್ಧ ಹೋದ ಉಗುರು, ಬೆರಳ ಸಂದಿಯ ಬೆಳ್ಳನೆಯ ಕೊಳೆತ, ಎಲ್ಲವನ್ನೂ ಮಾಮ ಗೋಡೆಗೆ ಇಳಿಸಿದ. ಮುಖಗಳಿಗೆ ಅವನಲ್ಲಿ ಪುರುಸೊತ್ತೂ ಉಳಿಯಲಿಲ್ಲ, ವಿದ್ಯೆಯೂ ಇರಲಿಲ್ಲ. ಶಿಷ್ಯರ ಮುಖಗಳು ಮಬ್ಬಿನಲ್ಲಿ ಮರೆಯಾದವು. ಯೇಸುವಿನ ಮುಖವಂತೂ ಕಾಣುವುದೇ ಇಲ್ಲ. ತಲೆ ಅಷ್ಟು ಬಗ್ಗಿದೆ. ಬಾಗಿದ ಬೆನ್ನು, ಒದ್ದೆಯಾದ ಎರಡು ಕೈ, ಆ ಕೈಗಳಲ್ಲಿ ಬಟ್ಟೆ ಸುತ್ತಿದ ಒಂದು ಎಡಗಾಲು. ಬಟ್ಟೆಯ ಅಂಚಿನಲ್ಲಿ ಹುಣ್ಣು ಇಣುಕುತ್ತಿತ್ತು. ನಾನು ಅದರ ಮುಂದೆ ನಿಂತಾಗ ನನ್ನ ಚಪ್ಪಲಿಯ ನೆನಪಾಗಿ ನಾಚಿಕೆಯಾಯಿತು. ಮಾಮನಿಗೆ ಅಂಥದೇನೂ ಇರಲಿಲ್ಲ. “ಬೆರಳು ಸರಿಯಾಗಿ ಬಂದಿದ್ಯಾ ಮೇಷ್ಟ್ರೇ? ಎಣಿಸಿ ನೋಡಿ,” ಎಂದು ಅದನ್ನೇ ಕೇಳುತ್ತಿದ್ದ.

ಉದ್ಘಾಟನೆಗೆ ಎರಡು ದಿನವಿರುವಾಗ ಸಮಿತಿ ಚಿತ್ರವನ್ನು ನೋಡಿತು. ಅಧ್ಯಕ್ಷರು ಮೂರು ಸಲ ಕೈಗಡಿಯಾರ ನೋಡಿಕೊಂಡರು.

“ಇದೇನ್ರೀ ಇದು? ಆಸ್ಪತ್ರೆಯೋ ಸಭಾಂಗಣವೋ? ನಾಡಿದ್ದು ಮುಖ್ಯಾಧಿಕಾರಿಗಳು ಬರ್ತಾರೆ. ನೀರಿನ ಕಾಗದಕ್ಕೆ ಅವರ ರುಜು ಬೀಳಬೇಕು. ಆ ಗಾಯದ ಮೇಲೆ ಸ್ವಲ್ಪ ಚರ್ಮದ ಬಣ್ಣ ಹಚ್ಚಿಬಿಡಿ.”

“ವಾಸಿಯಾಗಿಲ್ವಲ್ಲ ಯಜಮಾನ್ರೇ,” ಎಂದ ಮಾಮ.

“ಚಿತ್ರದಲ್ಲಿ ವಾಸಿಮಾಡ್ರೀ!”

“ಅಂಗಡಿಯಲ್ಲಿಲ್ಲದ್ದನ್ನ ನಾನು ಬರೆಯೋಲ್ಲ.”

ಅಧ್ಯಕ್ಷರಿಗೆ ಹನ್ನೊಂದು ಗಡಿಯಾರಗಳೂ ಒಟ್ಟಿಗೆ ಬಡಿದಂತಾಗಿರಬೇಕು. ಪಾದ್ರಿಗಳ ಕಡೆಗೆ ತಿರುಗಿದರು. “ನೀವಾದ್ರೂ ಹೇಳಿ ಫಾದರ್. ಗೋಡೆ ಇರೋದು ಭಕ್ತಿಗೆ, ಅರ್ಜಿ ಹೋಗೋದು ಕಚೇರಿಗೆ. ಎರಡನ್ನೂ ಒಂದೇ ಡಬ್ಬಿಯಲ್ಲಿ ಕಲಸಬಾರದು.”

“ಪಾದ ತೊಳೆದದ್ದು ಭಕ್ತಿಯೋ ಕೆಲಸವೋ ಅಂತ ನಾನೂ ಇಷ್ಟು ವರ್ಷದಿಂದ ಯೋಚಿಸ್ತಾ ಇದ್ದೀನಿ,” ಎಂದರು ಪಾದ್ರಿಗಳು. “ಇನ್ನೂ ಗೊತ್ತಾಗಿಲ್ಲ.”

ಅಡ್ಡಗೋಡೆಯ ಮೇಲೆ ದೀಪ ಇಟ್ಟಂಥ ಈ ಮಾತಿನಿಂದ ಅಧ್ಯಕ್ಷರಿಗೆ ಸಮಾಧಾನವಾಗಲಿಲ್ಲ. ಕೊನೆಗೆ ಬಹುಮತದಿಂದ ಒಂದು ನಿರ್ಣಯವಾಯಿತು. ನಡವಳಿಯಲ್ಲಿ ನಾನೇ ಬರೆದೆ. ಉದ್ಘಾಟನೆಯ ದಿನ ಚಿತ್ರದ ಕೆಳಭಾಗಕ್ಕೆ ಅಡ್ಡಲಾಗಿ ಹೂವಿನ ಕುಂಡಗಳನ್ನು ಇಡತಕ್ಕದ್ದು. ಮರುವಾರ ಗೋಡೆಗೆ ಸುಣ್ಣ ಬಳಿಸತಕ್ಕದ್ದು. ಮಾಮ ಕುಂಚಗಳನ್ನು ತೊಳೆಯಲು ಹೋದ. ಅಂದು ಮನೆಯಲ್ಲಿ ಯಾವ ಡಬ್ಬಿಯ ಕಡೆಗೂ ನೋಡಲಿಲ್ಲವೆಂದು ಅವನ ಹೆಂಡತಿ ಹೇಳಿದರು.

ಉದ್ಘಾಟನೆಯ ಬೆಳಗ್ಗೆ ಏಣಿಯನ್ನು ಒಯ್ಯಲು ಬಂದ. ಕುಂಡಗಳು ಆಗಲೇ ಸಾಲಾಗಿ ಕುಳಿತಿದ್ದವು. ಒಂದು ಪಾದವೂ ಕಾಣುತ್ತಿರಲಿಲ್ಲ. ಬಲತುದಿಯಲ್ಲಿ ಮಾತ್ರ ಕುಂಡ ಸಾಲದೆ, ಗೋಡೆಯ ಕೆಳಮೂಲೆ ಬೋಳಾಗಿ ಉಳಿದಿತ್ತು. ಖಾಲಿ ಮೂಲೆ! ಸುಣ್ಣ ಬಳಿಯುವ ಗೋಡೆಯಾದರೇನು, ಅಭ್ಯಾಸ ಬಿಟ್ಟೀತೆ? ಡಬ್ಬಿಯ ತಳದಲ್ಲಿ ಬಣ್ಣವೂ ಇತ್ತು. ಕಾಲು ಗಂಟೆಯಲ್ಲಿ ಕೋಟಿನ ತೋಳು, ಒಂದು ಗುಂಡಿ, ಚಾಚಿದ ತೋರುಬೆರಳು ಮೂಡಿದವು. ಪಾದ ತೊಳೆಯುವ ಚಿತ್ರ ನೋಡಿದವರು ಮುಂದೆ ಹೋಗಬೇಕಾದದ್ದು ಎಲ್ಲಿಗೆ? ನೀರಿರುವ ಕಡೆಗೆ. ಹಿಂದಿನ ನಲ್ಲಿಗೆ ಹೋಗುವುದು ಸಭಾಂಗಣದ ಬಲಗಡೆಯ ಪಕ್ಕದ ಬಾಗಿಲಿನಿಂದ. ಬೆರಳನ್ನು ಆ ಬಾಗಿಲಿಗೆ ನೇರ ಮಾಡಿ, ಏಣಿ ಹೊತ್ತು ಮನೆಗೆ ಹೋದ.

ಮಧ್ಯಾಹ್ನ ಸೆಕೆ ವಿಪರೀತವಾಗಿತ್ತು. ಮುಖ್ಯಾಧಿಕಾರಿಗಳು ಬೆವರಬಾರದೆಂದು ಅಧ್ಯಕ್ಷರು ಪಕ್ಕದ ಬಾಗಿಲನ್ನು ತೆರೆಸಿ, ಗಾಳಿ ಬೀಸುವ ಆ ಬಾಗಿಲಿನ ಮುಂದೆಯೇ ದೊಡ್ಡ ಕುರ್ಚಿಯನ್ನು ತಮ್ಮ ಕೈಯಾರೆ ಹಾಕಿದರು.

ಸಭಾಂಗಣ ತುಂಬಿತು. ಹನ್ನೆರಡು ಜನರೂ ಕೊನೆಯ ಬೆಂಚಿನಲ್ಲಿ ಕೆಲಸದ ಬಟ್ಟೆ ಬದಲಿಸಿ ಕುಳಿತರು. ಮುಖ್ಯಾಧಿಕಾರಿಗಳು ಬಂದು ಕುಳಿತರು. ದುಂಡಗಿನ ಸಭ್ಯ ಮನುಷ್ಯ. ಪ್ರಾರ್ಥನೆ ನಡೆಯುತ್ತಿರುವಾಗ ಅವರ ಕಣ್ಣು ಆ ಮೂಲೆಯ ಕೈಯ ಮೇಲೆ ಬಿತ್ತು. ಕೈ ಅವರನ್ನೇ ತೋರಿಸುತ್ತಿತ್ತು. ಕುರ್ಚಿಯಲ್ಲಿ ಸ್ವಲ್ಪ ಎಡಕ್ಕೆ ಸರಿದರು. ಆಗಲೂ ತಮ್ಮನ್ನೇ ತೋರಿಸಿದಂತಿತ್ತು. ಬಲಕ್ಕೆ ಸರಿದರು. ಅಂಗಿಯ ಗುಂಡಿಗಳು ಸರಿಯಾಗಿವೆಯೇ ಎಂದು ಮುಟ್ಟಿ ನೋಡಿಕೊಂಡರು. ಹಿಂದೆ ಯಾರಾದರೂ ನಿಂತಿದ್ದಾರೆಯೇ ಎಂದು ತಿರುಗಿ ನೋಡಿದರು, ಬರಿಯ ಗಾಳಿ.

ಅಧ್ಯಕ್ಷರ ಸ್ವಾಗತ ಭಾಷಣ ಇನ್ನೂ ಅರ್ಧದಲ್ಲಿತ್ತು. ಮುಖ್ಯಾಧಿಕಾರಿಗಳು ತಡೆಯಲಾರದೆ ಎದ್ದು ಗೋಡೆಯ ಬಳಿಗೆ ನಡೆದರು. ಬೆರಳನ್ನು ನೋಡಿದರು. ಆ ಕೈ ಎಲ್ಲಿಂದ ಬಂದಿದೆಯೆಂದು ತೋಳಿನ ಹಿಂದೆ ಹಿಂದೆ ಹೋಗಿ, ಅಡ್ಡವಾಗಿದ್ದ ಕುಂಡವನ್ನು ತಾವೇ ಪಕ್ಕಕ್ಕೆ ಎಳೆದರು. ಒಂದು ಜೊತೆ ಪಾದ ಹೊರಬಿತ್ತು. ಇನ್ನೊಂದು ಕುಂಡ ಎಳೆದರು. ಮತ್ತೊಂದು ಜೊತೆ. ಅಧ್ಯಕ್ಷರು ಭಾಷಣ ನಿಲ್ಲಿಸಿ ಬಾಯಿ ತೆರೆದು ನಿಂತರು. ಬಟ್ಟೆ ಸುತ್ತಿದ ಎಡಗಾಲಿನವರೆಗೂ ಎಳೆದು ಮುಖ್ಯಾಧಿಕಾರಿಗಳು ಅಲ್ಲಿ ಬಹಳ ಹೊತ್ತು ನಿಂತುಬಿಟ್ಟರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರೆ. ಇಲ್ಲಿ ಕಳ್ಳ ಎಂದವರೇ ಯಾರೂ ಇರಲಿಲ್ಲ.

ತಿರುಗಿದಾಗ ಅವರ ಮುಖ ಕೆಂಪಾಗಿತ್ತು. “ನೋಡಿ,” ಎಂದರು, ಯಾರೂ ಕೇಳದಿದ್ದರೂ. “ಆ ಬೂಟಿನ ಕಡತ ನನ್ನ ಮೇಜಿನ ಮೇಲೇ ಇದೆ. ನಾನೇನೂ ಮರೆತಿಲ್ಲ.”

ಕೊನೆಯ ಬೆಂಚಿನಿಂದ ದೊಡ್ಡಕ್ಕನ ದನಿ ಬಂತು. “ಯಾವ ಬೂಟು ಸಾಹೇಬ್ರೇ? ನಾವು ಇವತ್ತು ಏನೂ ಕೇಳಲಿಲ್ವಲ್ಲ!”

“ಅದೇ, ನಿಮ್ಮ... ಹನ್ನೆರಡು ಜೊತೆ. ಸೋಮವಾರ ಬರುತ್ತೆ.”

ಪಾದ್ರಿಗಳು ಬಹಳ ವಿನಯದಿಂದ, “ಯಾವ ಸೋಮವಾರ ಸಾರ್?” ಎಂದು ಕೇಳಿದರು. ಏಳು ಅರ್ಜಿ ಬರೆದವರ ಅನುಭವ ಅದು.

“ಬರೋ ಸೋಮವಾರ! ಇದೇ ಬರೋ ಸೋಮವಾರ!”

ನಾನು ಅದನ್ನು ತಾರೀಖಿನ ಸಮೇತ ನಡವಳಿಯಲ್ಲಿ ಬರೆದುಕೊಂಡೆ.

ಆಮೇಲೆ ಮುಖ್ಯಾಧಿಕಾರಿಗಳು ಚಿತ್ರ ಬರೆದವರನ್ನು ಕರೆಸಿದರು. ಮಾಮ ಕಿವಿಯ ಮೇಲಿನ ಕುಂಚ ತೆಗೆದು ಕೈಯಲ್ಲಿ ಹಿಡಿದುಕೊಂಡು ಬಂದ. “ಈ ಕೈ ಯಾಕೆ ಬರೆದ್ರಿ? ನಿಜ ಹೇಳಿ,” ಎಂದು ಕೇಳಿದರು.

“ಮೂಲೆ ಖಾಲಿ ಇತ್ತು ಸಾರ್.”

“ನನ್ನನ್ನ ಯಾಕೆ ತೋರಿಸುತ್ತೆ?”

“ನಿಮ್ಮನ್ನಲ್ಲ ಸಾರ್! ನಲ್ಲಿ ತೋರಿಸುತ್ತೆ. ನೀವು ಅಡ್ಡ ಕೂತಿದ್ದೀರಿ.”

ಇದಕ್ಕಿಂತ ದೊಡ್ಡ ಮಾತನ್ನು ಆ ಸಭಾಂಗಣದಲ್ಲಿ ಆಮೇಲೂ ಯಾರೂ ಆಡಿಲ್ಲ. ಅದೊಂದು ದೊಡ್ಡ ಮಾತೆಂದು ಆಡಿದವನಿಗೆ ಕೊನೆಯವರೆಗೂ ತಿಳಿಯಲಿಲ್ಲ. ಮುಖ್ಯಾಧಿಕಾರಿಗಳಿಗೆ ತಿಳಿಯಿತೋ ಏನೋ; ಮೊದಲು ಹುಬ್ಬು ಗಂಟಿಕ್ಕಿದರು, ಆಮೇಲೆ ಹೊಟ್ಟೆ ಕುಲುಕುವಂತೆ ನಕ್ಕುಬಿಟ್ಟರು. ನೀರಿನ ಕಾಗದಕ್ಕೂ ಅಲ್ಲೇ ರುಜು ಬಿತ್ತು. ಹೊರಡುವಾಗ ಪಾದ್ರಿಗಳು ನನ್ನ ಕಿವಿಯಲ್ಲಿ, “ಮೇಷ್ಟ್ರೇ, ಏಳು ಅರ್ಜಿ ಬರೆದೆನಲ್ಲ, ಒಂದರಲ್ಲೂ ಮೂಲೆಗೆ ಕೈ ಹಾಕಲಿಲ್ಲ ನೋಡಿ” ಎಂದರು.

ಸೋಮವಾರ ಬೂಟು ಬಂದವು. ಹನ್ನೆರಡು ಜೊತೆಯೂ ಒಂದೇ ಅಳತೆ. ಒಬ್ಬ ದೈತ್ಯನ ಕಾಲಿಗೆ ಹೇಳಿಮಾಡಿಸಿದಂತಿದ್ದವು. ದೊಡ್ಡಕ್ಕ ಒಳಗೆ ಎರಡು ಹಳೆಯ ಟವೆಲ್ಲು ತುರುಕಿಕೊಂಡು, ಬಾತುಕೋಳಿಯಂತೆ ಹೆಜ್ಜೆಯಿಟ್ಟು ಚರಂಡಿಗೆ ಇಳಿದರು. “ಇದ್ರಲ್ಲಿ ನಾನೂ ಇರಬಹುದು, ನನ್ನ ತಂಗಿ ಸಂಸಾರವೂ ಇರಬಹುದು,” ಎನ್ನುತ್ತಿದ್ದರು. ಆದರೆ ನೀರು ಒಳಗೆ ಬರಲಿಲ್ಲ. ಅಳತೆಯ ಬೂಟಿಗೆ ಪಾದ್ರಿಗಳು ಎಂಟನೆಯ ಅರ್ಜಿ ಬರೆದರು. ಅದರ ಮೂಲೆಯಲ್ಲಿ ಮಾಮನಿಂದ ಒಂದು ಸಣ್ಣ ಕೈ ಬರೆಸಿದರೆಂದು ಹೇಳುತ್ತಾರೆ, ನಾನು ನೋಡಿಲ್ಲ. ಉತ್ತರ ಮಾತ್ರ ಹದಿನೈದು ದಿನದಲ್ಲಿ ಬಂತು, ಬೂಟಿನ ಸಮೇತ.

ಮುಖ್ಯಾಧಿಕಾರಿಗಳು ಅಷ್ಟು ಹೊತ್ತು ನಿಂತು ನೋಡಿದ ಗೋಡೆಗೆ ಸುಣ್ಣ ಬಳಿಯುವುದು ಹೇಗೆ? ಆ ನಿರ್ಣಯ ತಾನಾಗಿಯೇ ಬಿದ್ದುಹೋಯಿತು. ಅಧ್ಯಕ್ಷರು ಅಷ್ಟಕ್ಕೆ ಬಿಡುವವರಲ್ಲ. ಒಂದು ದಿನ ಕೈಗಡಿಯಾರ ನೋಡಿಕೊಂಡು, ಮಾಮನನ್ನು ಗೋಡೆಯ ಮುಂದೆ ನಿಲ್ಲಿಸಿದರು. “ಅಂಗಡಿಯಲ್ಲಿದ್ದದ್ದು ಬೋರ್ಡಿನ ಮೇಲೆ ಇರಬೇಕು ಅಂತೀರಲ್ಲ? ಈಗ ಹನ್ನೆರಡು ಜನರಿಗೂ ಬೂಟಿದೆ. ಬರೀರಿ ನೋಡೋಣ!”

ಮಾಮನಿಗೆ ಉಗುಳುವುದಕ್ಕೂ ಆಗಲಿಲ್ಲ, ನುಂಗುವುದಕ್ಕೂ ಆಗಲಿಲ್ಲ. ಎರಡು ದಿನ ಗೋಡೆಯ ಮುಂದೆ ಕುಳಿತ. ಬೂಟು ಹಾಕಿಕೊಂಡವರ ಪಾದ ತೊಳೆಯುವುದು ಎಲ್ಲಾದರೂ ಉಂಟೆ? ಮೂರನೆಯ ದಿನ ಎದ್ದು, ಚಿತ್ರದ ಎಡಗಡೆಯ ಅಂಚಿನಲ್ಲಿ, ಬಾಗಿಲ ಹೊರಗೆ ಬಿಟ್ಟು ಬಂದಂತೆ, ಸಾಲಾಗಿ ಹನ್ನೆರಡು ಜೊತೆ ರಬ್ಬರ್ ಬೂಟು ಬರೆದ. ಬೂಟು ಬರೆಯುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಕೆಸರೂ ಮೆತ್ತಿದ ಹಾಗಿತ್ತು. ಅಧ್ಯಕ್ಷರು ಬಹಳ ಹೊತ್ತು ನೋಡಿ, “ಇದು ಶಾಂತವಾಗಿದೆ,” ಎಂದರು.

ಐದಾರು ತಿಂಗಳ ಮೇಲೆ ಒಂದು ಭಾನುವಾರ, ಆರಾಧನೆ ಮುಗಿದ ಕೂಡಲೆ, ದೊಡ್ಡಕ್ಕ ಮಾಮನನ್ನು ಕೈಹಿಡಿದು ಸಭಾಂಗಣಕ್ಕೆ ಎಳೆದುಕೊಂಡು ಬಂದರು. ನಾವು ನಾಲ್ಕೈದು ಜನ ಏನಾಯಿತೆಂದು ಹಿಂದೆಯೇ ಹೋದೆವು. ಕುರ್ಚಿಯ ಮೇಲೆ ಎಡಗಾಲನ್ನು ಎತ್ತಿ ಇಟ್ಟರು. ಐದೂ ಬೆರಳು ಇದ್ದವು. ಬಟ್ಟೆಯಿರಲಿಲ್ಲ. ಹುಣ್ಣಿದ್ದಲ್ಲಿ ಮಿರುಗುವ ಒಂದು ಕಲೆ ಮಾತ್ರ.

“ನೋಡ್ಕೊ ತಮ್ಮ. ಅಂಗಡಿಯಲ್ಲಿ ಸರಕು ಬದಲಾಗಿದೆ. ಬೋರ್ಡು ತಿದ್ದು!”

ಮಾಮ ಬಗ್ಗಿ ಕಲೆಯನ್ನು ಬಹಳ ಹತ್ತಿರದಿಂದ, ಅಳತೆ ತೆಗೆಯುವವನಂತೆ ನೋಡಿದ. ಎದ್ದಾಗ ಕಣ್ಣು ಒರೆಸಿಕೊಂಡು, ಬಣ್ಣ ಸಿಡಿಯಿತು ಎಂದ. ಬಣ್ಣದ ಡಬ್ಬಿ ಇನ್ನೂ ಮನೆಯಲ್ಲೇ ಇತ್ತು. ಆಮೇಲೆ ಡಬ್ಬಿ ತರಿಸಿ, ಬಣ್ಣ ಕಲಸಿ, ಗೋಡೆಯ ಮೇಲಿನ ಬಟ್ಟೆಯನ್ನು ಅಳಿಸಿದ. ಯೇಸುವಿನ ಒದ್ದೆ ಕೈಗಳ ನಡುವೆ ಆ ಕಲೆಯನ್ನು ಇದ್ದಹಾಗೆಯೇ ಬರೆದ. ಅಧ್ಯಕ್ಷರು ಬಣ್ಣದ ಡಬ್ಬಿ ಹಿಡಿದುಕೊಂಡು ನಿಂತಿದ್ದರು. ಆ ಹೊತ್ತಿನಲ್ಲಿ ಒಮ್ಮೆಯೂ ಕೈಗಡಿಯಾರ ನೋಡಲಿಲ್ಲ.

ಮಾಮ ತೀರಿಕೊಂಡು ಈಗ ಒಂಬತ್ತು ವರ್ಷ. ಅವನ ಹೆಂಡತಿ ಇಂದಿಗೂ ಸಕ್ಕರೆ ಮುಗಿಯುವ ಮೊದಲೇ ಅಂಗಡಿಗೆ ಹೋಗುತ್ತಾರೆ. ಡಬ್ಬಿಯ ಮೇಲಿನ ಹೆಸರು ಸುಳ್ಳಾಗಬಾರದಂತೆ. ಪುರಸಭೆಗೆ ಅಲ್ಲಿಂದೀಚೆಗೆ ನಾಲ್ಕು ಜನ ಮುಖ್ಯಾಧಿಕಾರಿಗಳು ಬಂದುಹೋದರು. ಹೊಸಬರು ಬಂದಾಗಲೆಲ್ಲ ಗಡಿಯಾರದ ಯಜಮಾನರು ಅವರನ್ನು ಒಂದು ಸಮಾರಂಭಕ್ಕೆ ಕರೆಯುತ್ತಾರೆ. ವಯಸ್ಸಾಗಿದೆ, ಬೆನ್ನು ಬಾಗಿದೆ. ಆದರೂ ಪಕ್ಕದ ಬಾಗಿಲು ತೆರೆದು ದೊಡ್ಡ ಕುರ್ಚಿಯನ್ನು ತಾವೇ ಎಳೆದು ಅದರ ಮುಂದೆ ಹಾಕುತ್ತಾರೆ. ಕುರ್ಚಿಯನ್ನು ಬೇರೆಲ್ಲಾದರೂ ಹಾಕೋಣವೆಂದು ಯಾರಾದರೂ ಅಂದರೆ ಒಪ್ಪುವುದಿಲ್ಲ.

“ಅಲ್ಲೇ ಇರಲಿ ಬಿಡಿ,” ಎನ್ನುತ್ತಾರೆ. “ಅಲ್ಲಿ ಗಾಳಿ ಚೆನ್ನಾಗಿ ಬರುತ್ತೆ.”